ಬಾಟಲಿ ಬೆರೆಸುವ ಮುನ್ನ ಅರಿಶಿನವನ್ನು ಕೇಳಿ

ರಮಝಾನ್‌ಗೆ ಇನ್ನೆರಡು ದಿನವಿತ್ತು. ಅಸರ್ ಹೊತ್ತಿಗೆ ರಾಮನಗರದ ನನ್ನ ದವಾಖಾನೆಗೆ ಒಬ್ಬ ತಾಯಿ ತನ್ನ 12 ವರ್ಷದ ಮಗಳ ಕೈಹಿಡಿದು ಓಡಿ ಬಂದರು. ಇಬ್ಬರ ಕಣ್ಣುಗಳೂ ಕೆಂಡದಂತಾಗಿದ್ದವು. ಮಗು ಎಡೆಬಿಡದೆ ಕೆಮ್ಮುತ್ತಿತ್ತು, ಉಸಿರು ಎಳೆಯುವಾಗ ಎದೆಯಲ್ಲಿ ಸುಂಯ್ ಎಂಬ ಸದ್ದು.

ಹಬ್ಬದ ತಿಂಗಳೆಂದು ಆಕೆ ಮನೆಯನ್ನೆಲ್ಲ ತೊಳೆಯುತ್ತಿದ್ದರು. ಶೌಚಾಲಯಕ್ಕೆ ಟಾಯ್ಲೆಟ್ ಕ್ಲೀನರ್ ಹಾಕಿದ್ದಾರೆ, ಕಲೆ ಹೋಗಿಲ್ಲ. ಅದರ ಮೇಲೆಯೇ ಒಂದು ಹಿಡಿ ಬ್ಲೀಚಿಂಗ್ ಪೌಡರ್ ಸುರಿದಿದ್ದಾರೆ. ಘಾಟು ಎದ್ದಿದೆ. ಪಕ್ಕದಲ್ಲಿ ಕುಳಿತು ನೆಲ ಉಜ್ಜುತ್ತಿದ್ದ ಮಗಳಿಗೇ ಮೊದಲು ಉಸಿರು ಕಟ್ಟಿದೆ.

ನಾನು ಯಾವ ಔಷಧಿಯನ್ನೂ ಕೊಡಲಿಲ್ಲ. ಇಂಥ ಹೊತ್ತಿನಲ್ಲಿ ಬೇಕಾದದ್ದು ಆಕ್ಸಿಜನ್. ಆಟೋ ಕರೆಸಿ ಇಬ್ಬರನ್ನೂ ದೊಡ್ಡಾಸ್ಪತ್ರೆಗೆ ಕಳುಹಿಸಿದೆ. ಅಲ್ಲಾಹನ ಕೃಪೆಯಿಂದ ಇಬ್ಬರೂ ಚೇತರಿಸಿಕೊಂಡರು. ಎರಡು ವಾರದ ನಂತರ ಬಂದಾಗ ಆ ತಾಯಿ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: "ಎರಡೂ ಕ್ಲೀನ್ ಮಾಡೋ ಸಾಮಾನೇ ಅಲ್ವಾ ಡಾಕ್ಟರ್ ಸಾಬ್? ಸೇರಿಸಿದ್ರೆ ಇನ್ನೂ ಚೆನ್ನಾಗಿ ಕ್ಲೀನ್ ಆಗುತ್ತೆ ಅಂದ್ಕೊಂಡೆ."

ಮಗಳನ್ನು ಕೇಳಿದೆ, "ಆಮ್ಲ ಅಂದ್ರೇನಮ್ಮ?" ಥಟ್ಟನೆ ಒಪ್ಪಿಸಿದಳು: "ಆಮ್ಲದ ರುಚಿ ಹುಳಿ, ನೀಲಿ ಲಿಟ್ಮಸ್ ಕೆಂಪಾಗುತ್ತದೆ." "ನಿಮ್ಮ ಮನೆಯ ಬಚ್ಚಲಲ್ಲಿ ಆಮ್ಲ ಯಾವ ಬಾಟಲಿಯಲ್ಲಿದೆ?" ಎಂದೆ. ಅವಳ ಬಳಿ ಉತ್ತರವಿರಲಿಲ್ಲ.

ಓದುಗರೇ, ತಪ್ಪು ಆ ಮಗುವಿನದಲ್ಲ, ತಾಯಿಯದೂ ಅಲ್ಲ. ಪುಸ್ತಕದ ರಸಾಯನಶಾಸ್ತ್ರ ಶಾಲೆಯಲ್ಲಿ ಉಳಿಯಿತು, ಮನೆಯ ಬಾಟಲಿ ಮನೆಯಲ್ಲಿ ಉಳಿಯಿತು. ಎರಡನ್ನೂ ಜೋಡಿಸುವ ಕೆಲಸ ಯಾರೂ ಮಾಡಲಿಲ್ಲ. ಆ ಕೆಲಸವನ್ನು ನೀವು ಒಂದೆರಡು ರಜಾ ದಿನಗಳಲ್ಲಿ, ನಿಮ್ಮ ಅಡುಗೆಮನೆಯಲ್ಲಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಬಹುದು. ಖರ್ಚು ಹೆಚ್ಚೇನೂ ಇಲ್ಲ.

ಮೊದಲನೆಯ ಪ್ರಯೋಗ: ಅರಿಶಿನದ ಕಾಗದ

ಮದುವೆಮನೆಯ ಹಲ್ದಿ ರಸಂ ಮುಗಿಸಿ ಬಂದ ಮೇಲೆ ದುಪಟ್ಟಾದ ಹಳದಿ ಕಲೆಗೆ ಸೋಪು ಹಚ್ಚಿದ್ದೀರಾ? ಕಲೆ ಇದ್ದಕ್ಕಿದ್ದಂತೆ ಕೆಂಪಾಗುತ್ತದೆ. ರಕ್ತವೋ ಎಂದು ಗಾಬರಿಯಾದವರೂ ಇದ್ದಾರೆ. ನೀರಿನಲ್ಲಿ ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿ. ಅಲ್ಲಿ ನೀವು ಅರಿಯದೆಯೇ ಒಂದು ಪ್ರಯೋಗ ಮಾಡಿದ್ದೀರಿ.

ಈಗ ಅರಿತು ಮಾಡಿ. ಒಂದು ಚಮಚ ಅರಿಶಿನ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಬಿಳಿ ಕಾಗದದ ಮೇಲೆ ತೆಳ್ಳಗೆ ಬಳಿದು ನೆರಳಲ್ಲಿ ಒಣಗಿಸಿ. ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ. ಬೇರೆ ಬೇರೆ ಬಟ್ಟಲುಗಳಲ್ಲಿ ನಿಂಬೆರಸ, ಸಿರ್ಕಾ (ವಿನೆಗರ್), ಹುಣಸೆ ನೀರು, ಸೋಪಿನ ನೀರು, ವಾಷಿಂಗ್ ಸೋಡಾ ನೀರು, ಅಡುಗೆ ಸೋಡಾ ನೀರು, ಒಲೆಯ ಬೂದಿ ನೆನೆಸಿ ಸೋಸಿದ ತಿಳಿನೀರು ಇಡಿ. ಒಂದೊಂದರಲ್ಲಿ ಒಂದೊಂದು ಪಟ್ಟಿ ಅದ್ದಲು ಮಕ್ಕಳಿಗೆ ಹೇಳಿ.

ಹುಳಿ ಇರುವ ಬಟ್ಟಲುಗಳಲ್ಲಿ ಪಟ್ಟಿ ಹಳದಿಯಾಗಿಯೇ ಇರುತ್ತದೆ. ಸೋಪು, ವಾಷಿಂಗ್ ಸೋಡಾ, ಬೂದಿನೀರಿನಲ್ಲಿ ಇಟ್ಟಿಗೆ ಕೆಂಪಾಗುತ್ತದೆ. ಅಡುಗೆ ಸೋಡಾದಲ್ಲಿ ಕೆಂಪು ತುಸು ತೆಳು, ಅದು ಸೌಮ್ಯ ಕ್ಷಾರವಾದ್ದರಿಂದ. ಕೆಂಪಾದ ಪಟ್ಟಿಯ ಮೇಲೆ ಎರಡು ಹನಿ ನಿಂಬೆರಸ ಬಿಡಿ, ಮತ್ತೆ ಹಳದಿ! ಮಕ್ಕಳು ಇದನ್ನು ಹತ್ತು ಸಲವಾದರೂ ಮಾಡುತ್ತಾರೆ, ತಡೆಯಬೇಡಿ.

ಹುಳಿ ಬಣದ್ದು ಆಮ್ಲ, ಕೆಂಪು ಮಾಡಿದ್ದು ಕ್ಷಾರ. ಕ್ಷಾರಕ್ಕೆ ಇಂಗ್ಲಿಷಿನವರು ಹೇಳುವ 'ಆಲ್ಕಲಿ' ಎಂಬ ಪದ ಅರಬಿಯ 'ಅಲ್-ಕಲೀ'ಯಿಂದ ಬಂದದ್ದು. ಗಿಡಗಳನ್ನು ಸುಟ್ಟ ಬೂದಿ ಎಂಬುದು ಅದರ ಅರ್ಥ. ನಮ್ಮ ಅಜ್ಜಿಯರು ಪಾತ್ರೆ ತಿಕ್ಕಿದ್ದೂ ಇದೇ ಬೂದಿಯಿಂದ. ಬಗ್ದಾದಿನ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ, ಯುನಾನಿ ವೈದ್ಯರೆಲ್ಲರೂ ಗುರುವೆಂದು ಗೌರವಿಸುವ ಅಲ್-ರಾಝಿ ರೋಗಿಗಳನ್ನು ನೋಡುವುದರ ಜೊತೆಗೆ ಲವಣ, ಕ್ಷಾರಗಳನ್ನು ಕಾಯಿಸಿ, ಸೋಸಿ, ಬಟ್ಟಿ ಇಳಿಸಿ ಪರೀಕ್ಷಿಸಿದವರು. ಅವರು ಬರೆದ 'ಕಿತಾಬುಲ್ ಅಸ್ರಾರ್'ನಲ್ಲಿ ಅದಕ್ಕೆ ಬೇಕಾದ ಉಪಕರಣಗಳ ಪಟ್ಟಿಯೇ ಇದೆ. ಕೈಯಿಂದ ಮಾಡಿ ನೋಡಿ ತಿಳಿಯುವುದು ನಮಗೆ ಹೊಸದಲ್ಲ.

ಅರಿಶಿನಕ್ಕೆ ಒಂದು ಮಿತಿಯಿದೆ. ಕ್ಷಾರವನ್ನು ಅದು ಹಿಡಿದುಕೊಡುತ್ತದೆ. ಆದರೆ ಆಮ್ಲಕ್ಕೂ ಬರಿ ನೀರಿಗೂ ವ್ಯತ್ಯಾಸ ತೋರಿಸುವುದಿಲ್ಲ, ಎರಡರಲ್ಲೂ ಹಳದಿಯೇ. ಅದಕ್ಕೆ ಹಿತ್ತಲಿನ ಕೆಂಪು ದಾಸವಾಳ ಇದೆ. ನಾಲ್ಕೈದು ಹೂವಿನ ಎಸಳುಗಳನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಸೋಸಿ. ಆ ನೀರಿಗೆ ನಿಂಬೆರಸ ಬಿದ್ದರೆ ಗುಲಾಬಿ ಬಣ್ಣ ಗಾಢವಾಗುತ್ತದೆ, ವಾಷಿಂಗ್ ಸೋಡಾ ಬಿದ್ದರೆ ಹಸಿರಾಗುತ್ತದೆ.

ಈಗ ಮಕ್ಕಳನ್ನು ಬಚ್ಚಲಿಗೆ ಕರೆದೊಯ್ಯಿರಿ. ಅಲ್ಲಿಯ ಬಾಟಲಿಗಳನ್ನು ತೆರೆಯಬೇಡಿ, ಪಟ್ಟಿ ಅದ್ದಲೂ ಬೇಡಿ. ಮೇಲಿನ ಚೀಟಿಯನ್ನು ಮಾತ್ರ ಓದಿಸಿ. 'ಹೈಡ್ರೋಕ್ಲೋರಿಕ್ ಆಸಿಡ್' ಎಂದಿದ್ದರೆ ಅದು ನಿಂಬೆಯ ಬಣದ್ದು, ಆದರೆ ನಿಂಬೆಗಿಂತ ಎಷ್ಟೋ ಪಾಲು ತೀಕ್ಷ್ಣವಾದದ್ದು. ಹೆಚ್ಚಿನ ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಇರುವುದು ಇದೇ. 'ಸೋಡಿಯಂ ಹೈಪೋಕ್ಲೋರೈಟ್' ಎಂದಿದ್ದರೆ ಅಥವಾ ಬ್ಲೀಚಿಂಗ್ ಪೌಡರ್ ಆಗಿದ್ದರೆ ಅದರೊಳಗೆ ಕ್ಲೋರಿನ್ ಕಟ್ಟಿಟ್ಟಿರುತ್ತದೆ. ಇವೆರಡೂ ಎಂದಿಗೂ ಸೇರಬಾರದು. ಏಕೆ ಎಂಬುದನ್ನು ಎರಡನೆಯ ಪ್ರಯೋಗ ಹೇಳುತ್ತದೆ.

ಎರಡನೆಯ ಪ್ರಯೋಗ: ಬಲೂನು ಊದುವ ಸಿರ್ಕಾ

ಅರ್ಧ ಲೀಟರಿನ ಖಾಲಿ ನೀರಿನ ಬಾಟಲಿಗೆ 100 ಮಿ.ಲೀ. ಸಿರ್ಕಾ ಹಾಕಿ. ಒಂದು ಬಲೂನಿನೊಳಗೆ ಒಂದು ಟೀ ಚಮಚ ಅಡುಗೆ ಸೋಡಾ ತುಂಬಿ. ಬಲೂನಿನ ಬಾಯಿಯನ್ನು ಬಾಟಲಿಯ ಬಾಯಿಗೆ ಬಿಗಿಯಾಗಿ ಸಿಕ್ಕಿಸಿ, ನಂತರ ಬಲೂನನ್ನು ಎತ್ತಿ ಹಿಡಿಯಿರಿ. ಸೋಡಾ ಸಿರ್ಕಾಕ್ಕೆ ಬೀಳುತ್ತದೆ, ನೊರೆ ಉಕ್ಕುತ್ತದೆ, ಬಲೂನು ತಾನಾಗಿಯೇ ಊದಿಕೊಳ್ಳುತ್ತದೆ. ಬಲೂನಿನ ಬದಲು ಬಾಟಲಿಯ ಮುಚ್ಚಳ ಹಾಕಿ ಬಿಗಿಮಾಡಬೇಡಿ, ಬಾಟಲಿ ಸಿಡಿಯಬಹುದು.

ಮಕ್ಕಳನ್ನು ಕೇಳಿ: ಗಾಳಿ ಎಲ್ಲಿಂದ ಬಂತು? ಯಾರೂ ಊದಲಿಲ್ಲವಲ್ಲ! ಆಮ್ಲ ಮತ್ತು ಸೋಡಾ ಸೇರಿದಾಗ ಕಾರ್ಬನ್ ಡೈಆಕ್ಸೈಡ್ ಅನಿಲ ಹುಟ್ಟಿತು. ಒಂದು ಟೀ ಚಮಚ ಪುಡಿಯಿಂದ ಒಂದು ಲೀಟರಿಗೂ ಹೆಚ್ಚು ಅನಿಲ ಬರುತ್ತದೆ. ಕಣ್ಣಿಗೆ ಕಾಣದ, ಪುಡಿಗಿಂತ ನೂರಾರು ಪಟ್ಟು ಜಾಗ ಹಿಡಿಯುವ ವಸ್ತು ಎರಡು ಸಾಮಾನ್ಯ ಪದಾರ್ಥಗಳಿಂದ ಹುಟ್ಟಬಲ್ಲದು ಎಂಬುದೇ ಇಲ್ಲಿಯ ಪಾಠ.

ಬಲೂನಿನಲ್ಲಿರುವ ಇಷ್ಟು ಅನಿಲದಿಂದ ಅಪಾಯವಿಲ್ಲ. ಬ್ಲೀಚಿಂಗ್ ಪೌಡರ್ ಮೇಲೆ ಆಮ್ಲ ಬಿದ್ದಾಗ ಹುಟ್ಟುವುದು ಬೇರೆ. ಅದು ಕ್ಲೋರಿನ್. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಎಂಬಲ್ಲಿ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಕಣ್ಣು, ಮೂಗು, ಶ್ವಾಸಕೋಶದ ತೇವಕ್ಕೆ ತಗುಲಿದ ಕೂಡಲೇ ಅದು ಆಮ್ಲವಾಗಿ ಒಳಗಿನ ಪೊರೆಯನ್ನು ಸುಡುತ್ತದೆ. ಕ್ಲೋರಿನ್ ಗಾಳಿಗಿಂತ ಭಾರ, ಹಾಗಾಗಿ ನೆಲದ ಹತ್ತಿರ ತಂಗುತ್ತದೆ. ನಿಂತಿದ್ದ ತಾಯಿಗಿಂತ ಕುಳಿತಿದ್ದ ಮಗಳಿಗೆ ಮೊದಲು ಉಸಿರು ಕಟ್ಟಿದ್ದು ಈ ಕಾರಣಕ್ಕೆ.

ಸಿರ್ಕಾ, ನಿಂಬೆರಸವೂ ಆಮ್ಲವೇ ಎಂಬುದನ್ನು ಮರೆಯಬೇಡಿ. ಬ್ಲೀಚ್ ಜೊತೆ ಅವೂ ಕ್ಲೋರಿನ್ ಬಿಡಿಸುತ್ತವೆ. ಅಮೋನಿಯಾ ಇರುವ ಗಾಜು ಒರೆಸುವ ದ್ರವವೂ ಬ್ಲೀಚ್ ಜೊತೆ ಸೇರಿ ವಿಷಾನಿಲ ಕೊಡುತ್ತದೆ. ಬ್ಲೀಚಿಂಗ್ ಪೌಡರ್‌ಗೆ ಜೊತೆಗಾರ ನೀರು ಮಾತ್ರ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿ.

ಮೂರನೆಯ ಪ್ರಯೋಗ: ರೇಷ್ಮೆ ಎಳೆ, ಹತ್ತಿ ಎಳೆ

ಇದನ್ನು ದೊಡ್ಡವರೇ ಮಾಡಬೇಕು, ಮಕ್ಕಳು ದೂರದಿಂದ ನೋಡಬೇಕು.

ರಾಮನಗರ ರೇಷ್ಮೆಯ ಊರು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ಇಲ್ಲಿದೆ. ಕನಕಪುರ, ಮಾಗಡಿ, ಚನ್ನಪಟ್ಟಣದ ರೈತರು ತಂದ ಗೂಡುಗಳನ್ನು ಬಿಚ್ಚಾಣಿಕೆ ಮನೆಗಳಲ್ಲಿ ಬಿಸಿನೀರಿಗೆ ಹಾಕಿ ನೂಲು ತೆಗೆಯುತ್ತಾರೆ. ನಮ್ಮ ಸಮುದಾಯದ ಎಷ್ಟೋ ಕುಟುಂಬಗಳ ಅನ್ನ ಇದೇ. ಗೂಡಿನ ಎಳೆಯನ್ನು ಹಿಡಿದಿಟ್ಟಿರುವ ಅಂಟಿಗೆ ಸೆರಿಸಿನ್ ಎಂದು ಹೆಸರು. ಬಿಸಿನೀರು ಆ ಅಂಟನ್ನು ಮೆತ್ತಗೆ ಮಾಡುವುದರಿಂದಲೇ ಎಳೆ ಬಿಚ್ಚಿಕೊಳ್ಳುತ್ತದೆ. ಉಳಿದ ಅಂಟು ಸೋಪು, ಸೋಡಾ ಹಾಕಿ ಕುದಿಸಿದಾಗ ಹೋಗುತ್ತದೆ, ಆಗ ರೇಷ್ಮೆಗೆ ಹೊಳಪು ಬರುತ್ತದೆ.

ಒಂದು ಚಿಕ್ಕ ಗಾಜಿನ ಲೋಟದಲ್ಲಿ ಬಟ್ಟೆ ಬಿಳುಪಿಸುವ ಬ್ಲೀಚ್ ದ್ರವ ಎರಡು ಚಮಚ ತೆಗೆದುಕೊಳ್ಳಿ. ಕೈಗವಸು ಇರಲಿ, ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಸಿರ್ಕಾ, ನಿಂಬೆ ಯಾವುದೂ ಬೇಡ. ಅದರಲ್ಲಿ ಒಂದು ಅಪ್ಪಟ ರೇಷ್ಮೆ ಎಳೆ, ಒಂದು ಹತ್ತಿ ದಾರ ಮುಳುಗಿಸಿ, ಮಕ್ಕಳ ಕೈಗೆಟುಕದ ಕಡೆ ಇಡಿ. ಅರ್ಧ ಗಂಟೆಯಿಂದ ಒಂದೆರಡು ಗಂಟೆಯೊಳಗೆ ರೇಷ್ಮೆ ಮೆತ್ತಗಾಗಿ ಕರಗಿಹೋಗುತ್ತದೆ. ಹತ್ತಿ ದಾರ ಹಾಗೆಯೇ ಇರುತ್ತದೆ.

ರೇಷ್ಮೆ ಪ್ರೋಟೀನಿನಿಂದ ಆದದ್ದು, ಹತ್ತಿ ಗಿಡದ ನಾರು. ಬ್ಲೀಚ್ ಪ್ರೋಟೀನನ್ನು ಕರಗಿಸುತ್ತದೆ. ಈಗ ಮಕ್ಕಳಿಗೆ ಅವರ ಕೈಯನ್ನು ತೋರಿಸಿ. ನಮ್ಮ ಚರ್ಮ, ಕೂದಲು, ಉಗುರು, ಕಣ್ಣಿನ ಪೊರೆ ಇವೆಲ್ಲ ಯಾವ ಬಣದವು? ರೇಷ್ಮೆಯ ಬಣದವು. ಬ್ಲೀಚ್ ಕೈಗೆ ತಾಗಿದಾಗ ಜಾರುಜಾರಾಗುವುದು ಸ್ವಚ್ಛವಾದ ಗುರುತಲ್ಲ, ಚರ್ಮದ ಮೇಲ್ಪದರ ಕರಗುತ್ತಿರುವ ಗುರುತು. ನೂಲು ತೆಗೆಯುವ ಹೆಂಗಸರ ಕೈಗಳು ದಿನವಿಡೀ ಬಿಸಿನೀರಿನಲ್ಲಿ ನೆನೆದು ಬಿರಿದಿರುವುದನ್ನು ನಾನು ದವಾಖಾನೆಯಲ್ಲಿ ನೋಡುತ್ತೇನೆ. ಬಿರಿದ ಕೈಗೆ ಬ್ಲೀಚ್ ಇನ್ನೂ ಆಳಕ್ಕೆ ಇಳಿಯುತ್ತದೆ. ಅಂಥವರು ಮನೆ ತೊಳೆಯುವಾಗ ಕೈಗವಸು ಹಾಕಲೇಬೇಕು.

ಪ್ರಯೋಗ ಮುಗಿದ ಮೇಲೆ ಆ ದ್ರವವನ್ನು ಧಾರಾಳ ನೀರಿನೊಂದಿಗೆ ಸಿಂಕಿಗೆ ಬಿಡಿ. ಆಸಿಡ್ ಹಾಕಿದ ಶೌಚಾಲಯಕ್ಕೆ ಸುರಿಯಬೇಡಿ.

ನಾಲ್ಕನೆಯ ಪ್ರಯೋಗ: ಬೊಂಬೆಯ ಅರಗು

ಚನ್ನಪಟ್ಟಣದವರ ಮನೆಯಲ್ಲಿ ಬಣ್ಣದ ಮರದ ಬೊಂಬೆ ಇಲ್ಲದಿರುವುದುಂಟೆ? ಹಾಲೆ ಮರವನ್ನು ಕಡೆಯುವಾಗ ಅದಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿರುಗುವ ಮರದ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಅರಗು ಒಂದು ಜಾತಿಯ ಕೀಟ ಮರದ ಕೊಂಬೆಯ ಮೇಲೆ ಸುರಿಸುವ ಅಂಟು. ನೀರಿನಲ್ಲಿ ಅದು ಕರಗುವುದಿಲ್ಲ, ಆದರೆ ಸ್ಪಿರಿಟ್‌ನಲ್ಲಿ ಕರಗುತ್ತದೆ.

ಹಳೆಯ, ಮುರಿದ ಬೊಂಬೆಯೊಂದಿದ್ದರೆ ಪರೀಕ್ಷಿಸಿ. ಒಂದು ಕಡೆ ನೀರಿನಲ್ಲಿ ನೆನೆಸಿದ ಹತ್ತಿಯಿಂದ, ಇನ್ನೊಂದು ಕಡೆ ಹ್ಯಾಂಡ್ ಸ್ಯಾನಿಟೈಸರ್ ಹಚ್ಚಿದ ಹತ್ತಿಯಿಂದ ಒಂದೆರಡು ನಿಮಿಷ ಉಜ್ಜಿ. ನೀರಿನ ಕಡೆ ಏನೂ ಆಗುವುದಿಲ್ಲ. ಸ್ಯಾನಿಟೈಸರ್ ಕಡೆ ಮೇಲ್ಮೈ ಅಂಟಂಟಾಗಿ ಹೊಳಪು ಹೋಗಿ, ಹತ್ತಿಗೆ ಬಣ್ಣ ಹತ್ತುತ್ತದೆ. ವಾಷಿಂಗ್ ಸೋಡಾದ ಬಿಸಿನೀರೂ ಅರಗಿಗೆ ಶತ್ರುವೇ. ಮಗು ಬಾಯಿಗಿಡುವ ಬೊಂಬೆಯನ್ನು 'ಕ್ರಿಮಿ ಸಾಯಲಿ' ಎಂದು ಸ್ಯಾನಿಟೈಸರ್‌ನಿಂದ ಒರೆಸುವ ತಾಯಂದಿರು ಇದನ್ನು ನೆನಪಿಡಿ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಬಟ್ಟೆಯಿಂದ ಮತ್ತೊಮ್ಮೆ ಒರೆಸಿದರೆ ಸಾಕು. ಹೆಚ್ಚು ತೀಕ್ಷ್ಣವಾದದ್ದೇ ಹೆಚ್ಚು ಶುಚಿ ಎಂಬ ನಂಬಿಕೆ ಬಚ್ಚಲಲ್ಲಿ ತಪ್ಪಿದಂತೆ ಬೊಂಬೆಯ ವಿಷಯದಲ್ಲೂ ತಪ್ಪುತ್ತದೆ.

ಐದನೆಯ ಪ್ರಯೋಗ: ಬೋರ್ ನೀರು, ಮಳೆ ನೀರು

ಬಂಡೆಗಳ ನಾಡು ನಮ್ಮದು. ಕನಕಪುರ, ಮಾಗಡಿ ಕಡೆಯ ಎಷ್ಟೋ ಮನೆಗಳಿಗೆ ಬೋರ್‌ವೆಲ್ ನೀರೇ ಗತಿ. ವುಝೂ ಮಾಡುವ ನಲ್ಲಿಯ ಬಾಯಲ್ಲಿ, ಬಕೆಟ್ಟಿನ ಅಂಚಿನಲ್ಲಿ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಇದನ್ನು ತೆಗೆಯಲೆಂದೇ ಬಹಳ ಮಂದಿ ಆಸಿಡ್ ಕೊಳ್ಳುವುದು.

ಎರಡು ಸಣ್ಣ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಮಳೆ ನೀರು, ಇನ್ನೊಂದಕ್ಕೆ ಅಷ್ಟೇ ಬೋರ್ ನೀರು ಹಾಕಿ. ಮೈಸೋಪನ್ನು ತುರಿದು ಮಳೆ ನೀರಿನಲ್ಲಿ ಕರಗಿಸಿ, ಆ ದ್ರವದ ಹತ್ತು ಹತ್ತು ಹನಿ ಎರಡಕ್ಕೂ ಬಿಟ್ಟು ಚೆನ್ನಾಗಿ ಕುಲುಕಿ. ಮಳೆ ನೀರಿನಲ್ಲಿ ನೊರೆ ತುಂಬುತ್ತದೆ. ಬೋರ್ ನೀರು ಗಡಸಾಗಿದ್ದರೆ ನೊರೆ ಬರುವುದಿಲ್ಲ, ಬದಲಿಗೆ ಮೊಸರಿನಂತೆ ಬಿಳಿ ಗಸಿ ಕೂರುತ್ತದೆ. ಬೋರ್ ನೀರಿಗೆ ಒಂದು ಚಿಟಿಕೆ ವಾಷಿಂಗ್ ಸೋಡಾ ಸೇರಿಸಿ ಮತ್ತೆ ಸೋಪಿನ ಹನಿ ಹಾಕಿ ಕುಲುಕಿ, ಈ ಸಲ ನೊರೆ ಬರುತ್ತದೆ.

ಬಂಡೆಯ ಸಂದಿನಲ್ಲಿ ಹರಿದು ಬಂದ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ಅವು ಸೋಪನ್ನು ಹಿಡಿದು ಗಸಿ ಮಾಡಿಬಿಡುತ್ತವೆ. ನೀರು ಕಾದಾಗ, ಆರಿದಾಗ ಅದೇ ಕ್ಯಾಲ್ಸಿಯಂ ಬಿಳಿ ಪೊರೆಯಾಗಿ ಕೂರುತ್ತದೆ. ಆ ಪೊರೆಯ ಮೇಲೆ ಸಿರ್ಕಾ ಬಿಟ್ಟು ನೋಡಿ, ಸಣ್ಣ ಗುಳ್ಳೆಗಳು ಏಳುತ್ತವೆ. ಬಲೂನು ಊದಿದ ಅನಿಲವೇ ಅದು!

ಹಾಗಾದರೆ ಆಸಿಡ್ ಏಕೆ? ನಲ್ಲಿಯ ಬಾಯಿಗೆ ಸಿರ್ಕಾದಲ್ಲಿ ನೆನೆಸಿದ ಬಟ್ಟೆ ಸುತ್ತಿ ಒಂದು ಗಂಟೆ ಬಿಟ್ಟು ಉಜ್ಜಿ. ಪಾತ್ರೆಯಲ್ಲಿ ಅರ್ಧ ಸಿರ್ಕಾ, ಅರ್ಧ ನೀರು ಹಾಕಿ ಬೆಚ್ಚಗೆ ಮಾಡಿ ಬಿಟ್ಟು ತೊಳೆಯಿರಿ. ನಿಧಾನವಾಗಿಯಾದರೂ ಪೊರೆ ಬಿಡುತ್ತದೆ. ಅಮೃತಶಿಲೆಯ ನೆಲಕ್ಕೆ ಮಾತ್ರ ಸಿರ್ಕಾ ತಾಗಿಸಬೇಡಿ, ಆ ಕಲ್ಲೂ ಇದೇ ಬಿಳಿ ಪದಾರ್ಥದ್ದು, ಸವೆಯುತ್ತದೆ.

ಆರನೆಯ ಪ್ರಯೋಗ: ಕೈ ತೊಳೆದದ್ದು ನಿಜವೇ?

ಒಂದು ಚಮಚ ಅಡುಗೆ ಎಣ್ಣೆಗೆ ಚಿಟಿಕೆ ಅರಿಶಿನ ಬೆರೆಸಿ ಮಗುವಿನ ಎರಡೂ ಕೈಗೆ ಹಚ್ಚಿ. ಬರಿ ನೀರಿನಲ್ಲಿ ತೊಳೆಯಲು ಹೇಳಿ. ಜಿಡ್ಡು ಹಾಗೆಯೇ ಇರುತ್ತದೆ. ನಂತರ ಸೋಪು ಹಚ್ಚಿ ತನಗೆ ತೋಚಿದಷ್ಟು ಹೊತ್ತು ತೊಳೆಯಲಿ. ಈಗ ನೋಡಿ: ಹೆಬ್ಬೆರಳ ಬುಡ, ಬೆರಳ ಸಂದು, ಉಗುರಿನ ಅಂಚಿನಲ್ಲಿ ಬಣ್ಣ ಉಳಿದಿರುತ್ತದೆ. ಪ್ರತಿದಿನ ಊಟಕ್ಕೆ ಮುಂಚೆ ಕೊಳೆ ಉಳಿಯುವುದೂ ಅಲ್ಲಿಯೇ. ಆ ಜಾಗಗಳನ್ನೂ ಸೇರಿಸಿ 20 ಸೆಕೆಂಡು ಉಜ್ಜಿಸಿ. ಚರ್ಮದ ಮೇಲೆ ಮಾಸಲು ಹಳದಿ ಒಂದು ದಿನ ಉಳಿಯಬಹುದು, ಜಿಡ್ಡು ಹೋಗಿದೆಯೇ ಎಂಬುದನ್ನು ನೋಡಿ. ಸೋಪಿನ ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ಹಾಗಾಗಿಯೇ ನೀರಿಗೆ ಬಗ್ಗದ ಜಿಡ್ಡು ಸೋಪಿಗೆ ಬಗ್ಗುತ್ತದೆ.

ಅಪಘಾತವಾದರೆ

ಘಾಟು ಎದ್ದರೆ ಬಾಟಲಿ ಮುಚ್ಚಲು, ನೀರು ಸುರಿಯಲು ನಿಲ್ಲಬೇಡಿ. ಮಕ್ಕಳನ್ನು ಎತ್ತಿಕೊಂಡು ಹೊರಗೆ, ಶುದ್ಧ ಗಾಳಿಗೆ ಬನ್ನಿ. ಕಣ್ಣು ಉರಿದರೆ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಿರಿ. ಕೆಮ್ಮು, ಉಬ್ಬಸ ಇದ್ದರೆ 108ಕ್ಕೆ ಕರೆ ಮಾಡಿ. ಸ್ವಲ್ಪ ಹೊತ್ತಿಗೆ ಸರಿಹೋದಂತೆ ಕಂಡು ಕೆಲವು ಗಂಟೆಗಳ ನಂತರ ಉಸಿರಾಟ ಕೆಡುವುದುಂಟು, ಹಾಗಾಗಿ ಆಸ್ಪತ್ರೆಗೆ ಹೋಗಲು ಸಂಕೋಚ ಬೇಡ.

ಎಲೆ-ಅಡಿಕೆಯ ಸುಣ್ಣ ಮಗುವಿನ ಕಣ್ಣಿಗೆ ಸಿಡಿಯುವುದು ನಮ್ಮ ಮನೆಗಳಲ್ಲಿ ಹೊಸದಲ್ಲ. ಅರಿಶಿನದ ಪಟ್ಟಿ ಸುಣ್ಣದ ನೀರಿಗೆ ಎಷ್ಟು ಗಾಢ ಕೆಂಪಾಗುತ್ತದೆಂದು ಒಮ್ಮೆ ನೀವೇ ಅದ್ದಿ ತೋರಿಸಿ. ಕಣ್ಣಿಗೆ ಬಿದ್ದರೆ ತಕ್ಷಣ ಶುದ್ಧ ನೀರು ಬಿಟ್ಟು 20 ನಿಮಿಷ ತೊಳೆಯುತ್ತಲೇ ಇರಿ, ನಂತರ ನೇರ ಕಣ್ಣಿನ ಡಾಕ್ಟರ ಬಳಿಗೆ ಹೋಗಿ. ಹಾಲು, ಸುರ್ಮಾ, ಗುಲಾಬ್ ಜಲ ಯಾವುದೂ ಬೇಡ. ಗುಲಾಬ್ ಜಲವನ್ನು ಬಳಸುವ ಯುನಾನಿ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ.

ಆಸಿಡ್ ಕುಡಿದ ಮಗುವಿಗೆ ಸೋಡಾ ಕುಡಿಸಬೇಡಿ, ವಾಂತಿ ಮಾಡಿಸಬೇಡಿ. ಸೋಡಾ ಕುಡಿಸಿದರೆ ಹೊಟ್ಟೆಯೊಳಗೆ ಏನಾಗುತ್ತದೆಂದು ಬಲೂನು ತೋರಿಸಿದೆ. ವಾಂತಿಯಾದರೆ ಗಂಟಲು ಎರಡನೆಯ ಸಲ ಸುಡುತ್ತದೆ. ಬಾಟಲಿಯನ್ನೂ ಜೊತೆಗೆ ಹಿಡಿದು ಆಸ್ಪತ್ರೆಗೆ ಓಡಿ. ಆಸಿಡ್ ಅಥವಾ ಫಿನಾಯಿಲನ್ನು ಜ್ಯೂಸ್, ಕೂಲ್‌ಡ್ರಿಂಕ್ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸವಿದ್ದರೆ ಇಂದೇ ಬಿಡಿ.

ಆ ಹುಡುಗಿಗೆ ನಾನು ಅರಿಶಿನದ ಪಟ್ಟಿ ಮಾಡುವುದನ್ನು ಹೇಳಿಕೊಟ್ಟು ಕಳುಹಿಸಿದ್ದೆ. ಮುಂದಿನ ಸಲ ತಾಯಿಯ ಜೊತೆ ಬಂದಾಗ ಹೇಳಿದಳು: "ಅಂಕಲ್, ಆಸಿಡ್ ಬಾಟಲಿ ಬಚ್ಚಲ ಮೇಲಿನ ಶೆಲ್ಫ್‌ನಲ್ಲಿ, ಬ್ಲೀಚಿಂಗ್ ಪೌಡರ್ ಮೆಟ್ಟಿಲ ಕೆಳಗಿನ ಬೀರುವಿನಲ್ಲಿ. ಎರಡೂ ಒಟ್ಟಿಗೆ ಇರಬಾರದು ಅಂತ ನಾನೇ ಇಟ್ಟೆ." ತಾಯಿ ನಕ್ಕು, "ಈಗ ನಾನು ಬಚ್ಚಲಿಗೆ ಹೋದರೆ ಇವಳದೇ ಕಾವಲು" ಎಂದರು.

ನಿಮ್ಮ ಮನೆಯ ಆ ಎರಡು ಬಾಟಲಿಗಳು ಈಗ ಎಲ್ಲಿವೆ? ಎದ್ದು ಹೋಗಿ ನೋಡಿ, ಬೇರೆ ಬೇರೆ ಕಡೆ ಇಡಿ. ನಂತರ ಮಕ್ಕಳನ್ನು ಕರೆದು ಅರಿಶಿನ ಕಲಸಿ.